ಸುಂದರಿಯ ಹೆಸರಿನ ಲೈಸೆನ್ಸು

ನೆಕ್ರಾಜೆಯ ಬಟ್ಯ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡದ್ದು ಪಾನನಿಷೇಧ ಬಂದ ಮರುವರ್ಷ. ಆಗ ಅವನಂತೆ ಮರ ಹತ್ತುವ ಕಸುಬಿನ ಮೂರ್ತೆಯವರು ಕಳ್ಳು ಇಳಿಸುವ ಹಾಗಿರಲಿಲ್ಲ. ಮಡಕೆಯ ಒಳಗೆ ಸುಣ್ಣ ಬಳಿದು, ಹುಳಿಯಾಗದ ರಸ ಇಳಿಸಿ ಬೆಲ್ಲ ಕಾಯಿಸಬಹುದಿತ್ತು. ಅದಕ್ಕೂ ಲೈಸೆನ್ಸು ಬೇಕು. ಲೈಸೆನ್ಸಿನಲ್ಲಿ ಹೆಸರಿದ್ದವನೇ ಮರ ಹತ್ತಬೇಕು; ಇದ್ದದ್ದು ಬಟ್ಯನ ಹೆಸರು.

“ಗೇಣಿಯ ಮರಗಳನ್ನು ಜಾಗದ ಧನಿಗಳಿಗೆ ಬಿಟ್ಟುಕೊಡುವ,” ಎಂದಳು ಬಟ್ಯನ ತಾಯಿ ಅಕ್ಕು.

“ಬಿಟ್ಟುಕೊಟ್ಟು ಉಣ್ಣುವುದು ಎಂತ ಅತ್ತೆ?” ಎಂದಳು ಬಟ್ಯನ ಹೆಂಡತಿ ಸುಂದರಿ. “ನಾನು ಹತ್ತುತ್ತೇನೆ.”

ಅಕ್ಕು ಕಿವಿ ಮುಚ್ಚಿಕೊಂಡಳು. ಬಟ್ಯ ಮಾತ್ರ ಮಲಗಿದಲ್ಲಿಂದಲೇ ಹೆಂಡತಿಯತ್ತ ತಿರುಗಿದ. “ಮರ ಹತ್ತುವ ಹಗ್ಗದ ತಳೆ ಕಾಲಿಗೆ ಹಾಕುವುದು ಮೊದಲು ಕಲಿ,” ಎಂದ.

ಅವನನ್ನು ಚಾಪೆಯ ಸಮೇತ ಅಂಗಳಕ್ಕೆ ತಂದು ಮಲಗಿಸಿ, ಅವನ ಹಳೆಯ ಪಂಚೆಯನ್ನು ಕಚ್ಚೆ ಬಿಗಿದು ಸುಂದರಿ ಮರ ಹಿಡಿದಳು. ಮೊದಲು ಆಳೆತ್ತರದಲ್ಲೇ ಜಾರಿ ಎದೆ ತರಚಿತು. ಗಾಯಕ್ಕೆ ಎಣ್ಣೆ ಹಚ್ಚಿಕೊಂಡು ಮತ್ತೆ ಹತ್ತಿದಳು. “ಕೆಳಗೆ ನೋಡಬೇಡ, ನನ್ನ ಸ್ವರ ಕೇಳು,” ಎಂದು ಬಟ್ಯ ಕೂಗುತ್ತಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ರಸ ಇಳಿಯುವಂತೆ ಹೊಂಬಾಳೆ ಬಡಿದು, ತುದಿ ಕೆತ್ತಿ, ಮಡಕೆ ಕಟ್ಟಲು ಅವಳಿಗೆ ಬರುತ್ತಿತ್ತು.

ಊರವರ ಬಾಯಿ ಸುಮ್ಮನಿರಲಿಲ್ಲ. ಒಂದು ಬೆಳಿಗ್ಗೆ ಅಬಕಾರಿ ಗಾರ್ಡು ಉಗ್ಗಪ್ಪ ಮರದ ಬುಡದಲ್ಲೇ ಕಾದಿದ್ದ. ಅವಳು ಇಳಿದ ಕೂಡಲೇ ಕತ್ತಿ, ಮಡಕೆ ಎರಡನ್ನೂ ಕಿತ್ತುಕೊಂಡ. “ಲೈಸೆನ್ಸಿಲ್ಲದೆ ಹತ್ತಿದರೆ ಕೇಸಾಗ್ತದೆ ಮಾರಾಯ್ತಿ.”

“ಹಾಗಾದರೆ ಲೈಸೆನ್ಸೇ ಕೇಳ್ತೇನೆ,” ಎಂದು ಸುಂದರಿ ಅಂದೇ ಕಾಸರಗೋಡಿಗೆ ನಡೆದಳು.

ಕಚೇರಿಯ ಗುಮಾಸ್ತ ನಕ್ಕ. “ಹೆಂಗಸರಿಗೆ ಮೂರ್ತೆ ಲೈಸೆನ್ಸು ಕೊಟ್ಟದ್ದು ಇಲ್ಲ.”

“ಕೊಡಬಾರದು ಅಂತ ಉಂಟಾ ಸ್ವಾಮಿ?”

“ಕೊಟ್ಟದ್ದು ಇಲ್ಲ ಅಂದೆನಲ್ಲ!”

ಅವಳು ಹಿಂತಿರುಗಿದಳು, ಮರುವಾರ ಮತ್ತೆ ಹೋದಳು. ಜಗಲಿಯಿಂದ ಎಬ್ಬಿಸಿದರೆ ಹೋಗಿ ಗೇಟಿನ ಹತ್ತಿರ ಕೂತಳು. ಕೊನೆಗೊಮ್ಮೆ ಅಧಿಕಾರಿಯೇ ಒಳಗೆ ಕರೆದ. ವಯಸ್ಸಾದ ಮನುಷ್ಯ. ಹೆಂಗಸು ಹತ್ತಬಾರದೆಂದು ಕಾನೂನಿನಲ್ಲಿಲ್ಲ ಎಂದು ಒಪ್ಪಿದ. ಆದರೂ ಅಳುಕಿದ. “ನೀನು ಬಿದ್ದು ಸತ್ತರೆ ಯಾರು ಜವಾಬ್ದಾರಿ? ಮನೆಯ ಹಿರಿಯರು ಬಂದು ಒಪ್ಪಿಗೆ ಹೇಳಲಿ.”

ಮನೆಯ ಹಿರಿಯಳೆಂದರೆ ಅಕ್ಕು. ಸೊಸೆ ಮರ ಹತ್ತಲು ತೊಡಗಿದಂದಿನಿಂದ ಅವಳೊಡನೆ ಮಾತು ಬಿಟ್ಟವಳು. ಸುಂದರಿ ನಡೆದದ್ದನ್ನು ಗಂಡನಿಗೆ ಹೇಳಿ ಗೋಡೆಗೆ ಒರಗಿದಳು. ಅತ್ತೆಯನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ. ಒಲೆಯ ಮುಂದಿದ್ದ ಅಕ್ಕು ಎಲ್ಲವನ್ನೂ ಕೇಳಿಸಿಕೊಂಡಳು.

ಬೆಳಗಾದಾಗ ಮುದುಕಿ ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. “ನಡಿ,” ಎಂದಳು ಅಷ್ಟೆ.

ಅಧಿಕಾರಿಯ ಮುಂದೆ ಅಕ್ಕುವೇ ಮೊದಲು ಮಾತೆತ್ತಿದಳು. “ನನ್ನ ಗಂಡನೂ ಮರದಿಂದ ಬಿದ್ದೇ ಸತ್ತದ್ದು ಸ್ವಾಮಿ. ಮಗನೂ ಬಿದ್ದ. ಗಂಡಸರು ಬೀಳುವುದಿಲ್ಲ ಅಂತ ನೀವು ಅವರಿಗೆ ಕೊಟ್ಟದ್ದಾ? ಇವಳಿಗೂ ಕೊಡಿ. ಜವಾಬ್ದಾರಿ ನನ್ನದು.”

ಸುಂದರಿ ಅತ್ತೆಯ ಕೈ ಹಿಡಿದುಕೊಂಡಳು. ಅಕ್ಕು ಬಿಡಿಸಿಕೊಳ್ಳಲಿಲ್ಲ.

ಮುಂದಿನ ವಾರ ಅಧಿಕಾರಿ ನೆಕ್ರಾಜೆಗೇ ಬಂದು, ಅವಳು ಹತ್ತಿ ಇಳಿಯುವುದನ್ನು ಕಂಡು ಸಹಿ ಹಾಕಿದ. ಉಗ್ಗಪ್ಪ ಕತ್ತಿ ತಂದುಕೊಟ್ಟ. ಬಟ್ಯ ಕೋಲೂರಿ ಓಡಾಡುವಂತಾದ, ಆದರೆ ಮರ ಹತ್ತುವಂತಾಗಲಿಲ್ಲ. ಒಲೆಯ ಮುಂದೆ ಕೂತು ಬೆಲ್ಲ ಕಾಯಿಸಲು ಕಲಿತ. ಅಕ್ಕು ಅದನ್ನು ಬೋವಿಕಾನದ ಪೇಟೆಗೆ ಹೊತ್ತು ಮಾರಿದಳು. “ನನ್ನ ಸೊಸೆ ಇಳಿಸಿದ್ದು,” ಎಂದು ಗಿರಾಕಿಗಳು ಕೇಳದಿದ್ದರೂ ಹೇಳುತ್ತಿದ್ದಳು.