ಎಳನೀರಿನವನ ಕನ್ನಡಿ

ನಮ್ಮ ಪಕ್ಕದ ಮನೆಯವನಿಗೆ ಕಿವಿ ಕೇಳುತ್ತಿರಲಿಲ್ಲ. ನಡೆದದ್ದು ಇಷ್ಟೇ. ಅವನು ಸೈಕಲ್ಲಿಗೆ ಕನ್ನಡಿ ಹಾಕಿಸಿದ್ದು ಶೋಕಿಗಲ್ಲ, ಹೆಂಡತಿ ಕೂಗಿದರೆ ಓ ಎನ್ನದಿದ್ದದ್ದು ಅವಳನ್ನು ಕಂಡರಾಗದೆಯೂ ಅಲ್ಲ. ಊರಿಗೆ ಇದು ಗೊತ್ತಾಗಲಿಲ್ಲ, ಅವನ ಹೆಂಡತಿಗೂ ಗೊತ್ತಾಗಲಿಲ್ಲ. ನನಗೊಬ್ಬಳಿಗೆ ಗೊತ್ತಿತ್ತು.

ಹೋದ ವಾರ ಮೊಮ್ಮಗಳು ತನ್ನ ಸೈಕಲ್ಲಿಗೆ, ಹಿಂದೆ ಬರುವ ಗಾಡಿ ಕಾಣಲಿ ಎಂದು ಒಂದು ಕನ್ನಡಿ ತರಿಸಿದಳು. ಡಬ್ಬ ಬಿಚ್ಚಿದಾಗ ಹೊಸ ರಬ್ಬರಿನ ವಾಸನೆ ಜಗಲಿಗೆಲ್ಲ ಹರಡಿತು. ಅದೇ ಹೊತ್ತಿಗೆ ಹಾಲಿಗೆ ಹೆಪ್ಪು ಕೇಳಲು ಬಂದ ಅವನ ಹೆಂಡತಿ ಅದನ್ನು ನೋಡಿ ಮೂತಿ ತಿರುಗಿಸಿದಳು.

“ನಿಮ್ಮನೇಲೂ ಸುರುವಾಯ್ತಾ ಕನ್ನಡಿ ಕಾಯ್ಲೆ? ನಮ್ಮನೆ ಮಾರಾಜ್ನೂ ಇಂಗೇಯ. ಸೈಕಲ್ ಕನ್ನಡಿ ಮುಂದೆ ಕೂತ್ರೆ, ನಾ ಒಳಗಿಂದ ಗಂಟ್ಲು ಅರ್ಕೊಂಡ್ರೂ ಓ ಅಂತಿರ್ಲಿಲ್ಲ. ನಾನಂದ್ರೆ ಅಷ್ಟು ಸಸಾರ ಕಣಕ್ಕ ಅವ್ನಿಗೆ.”

ಅವನು ಸತ್ತು ಇಪ್ಪತ್ತು ವರ್ಷದ ಮೇಲಾಯಿತು. ಇನ್ನೂ ಅದನ್ನೇ ಅನ್ನುತ್ತಾಳೆ. ಹೆಪ್ಪು ಕೊಟ್ಟು ಕಳಿಸಿದೆ.

ಅವನು ದಿನಾ ಬೆಳಿಗ್ಗೆ ಸೈಕಲ್ಲಿನ ಎರಡೂ ಪಕ್ಕಕ್ಕೆ ಎಳನೀರಿನ ಗೊನೆ ಇಳಿಬಿಟ್ಟು, ಕ್ಯಾರಿಯರ್ ಮೇಲೆ ಇನ್ನೆರಡು ಗೊನೆ ಬಿಗಿದು, ಮಳವಳ್ಳಿ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದ. ಅದೇ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು, ಬಸ್ಸು, ಲಾರಿ. ಒಂದು ದಿನ ಕಿರುಗಾವಲಿನ ಸೈಕಲ್ ಶಾಪಿನಿಂದ ಅಂಗೈಯಗಲದ ದುಂಡು ಕನ್ನಡಿ ಹಾಕಿಸಿಕೊಂಡು ಬಂದ. ಅಂಗಡಿಯಲ್ಲಿ ಬರೀ ಸೈಕಲ್ ಮೇಲೆ ಕೂತು ನೋಡಿದ್ದಾನೆ, ರಸ್ತೆಯೆಲ್ಲ ಕಂಡಿದೆ. ಮನೆಗೆ ಬಂದು ಗೊನೆ ಕಟ್ಟಿದರೆ ಕನ್ನಡಿಯ ತುಂಬ ಎಳನೀರು. ಅರಳಿಕಟ್ಟೆಯವರು ಬಿಡುತ್ತಾರೆಯೇ?

“ಏನ್ಲಾ, ಕಾಯಿ ಉದುರ್ತಾವಾ ಅಂತ ನೋಡಕ್ಕಾ ಕನ್ನಡಿ?”

“ಇಲ್ಲ ಕಣ್ಲಾ, ಕ್ರಾಪು ನೋಡ್ಕಳಕ್ಕೆ!” ಎಂದ ಕಟ್ಟೆಯ ಇನ್ನೊಬ್ಬ.

ಎಳನೀರಿನವನೂ ನಕ್ಕ. ಈಗ ಅನಿಸುತ್ತದೆ, ಅವರು ನಕ್ಕಿದ್ದನ್ನು ನೋಡಿ ನಕ್ಕಿರಬೇಕು.

ಅದನ್ನು ವಾಪಸ್ಸು ಕೊಟ್ಟು ಇನ್ನೊಂದು ತಂದ. ಚಪ್ಪಟೆ ಗಾಜು. ಬಸ್ಸು ಇರುವಷ್ಟೇ ದೊಡ್ಡದಾಗಿ ಕಾಣುತ್ತಿತ್ತು, ಆದರೆ ಬಸ್ಸಿನ ಪಕ್ಕ ಏನಿದೆ ಎಂಬುದು ಕಾಣುತ್ತಿರಲಿಲ್ಲ. ಅದೂ ಹೋಯಿತು. ಮೂರನೆಯದು ಮಳವಳ್ಳಿ ಗುಜರಿಯದು, ಯಾವುದೋ ಮೊಪೆಡ್ಡಿನಿಂದ ಕಿತ್ತದ್ದು. ಉಬ್ಬುಗಾಜು, ಉದ್ದನೆಯ ಕಡ್ಡಿ. ಗೊನೆಯಿಂದ ಆಚೆಗೆ ಒಂದು ಗೇಣು ಚಾಚಿಕೊಂಡಿತ್ತು. ಗುಂಡಿಗೆ ಬಿದ್ದರೆ ಅದುರುತ್ತದೆ ಎಂದು ಕಡ್ಡಿಯ ಬುಡಕ್ಕೆ ಹಳೇ ಟ್ಯೂಬು ಸುತ್ತಿದ. ಇಷ್ಟು ತಲೆ ಕೆಡಿಸಿಕೊಳ್ಳುವಂಥದ್ದು ಅದರಲ್ಲಿ ಏನಿದೆ ಎಂದು ನನಗೆ ಕುತೂಹಲ. ಯಾರೂ ಇಲ್ಲದಾಗ ನಾನೂ ಸೀಟಿನ ಮೇಲೆ ಕೂತು ನೋಡಿದೆ. ನಮ್ಮ ಎಮ್ಮೆ ಎಲ್ಲೋ ದೂರದಲ್ಲಿ ಇಲಿಯಷ್ಟು ಕಂಡಿತು. ತಿರುಗಿದರೆ ಅದರ ಮೂಗು ಗೊನೆಗೆ ತಾಗುತ್ತಿತ್ತು!

“ಇದು ಸುಳ್ಳು ಯೋಳೋ ಕನ್ನಡಿ ಕಣಪ್ಪ,” ಎಂದೆ ಅವನು ಬಂದಾಗ.

“ಎಷ್ಟು ಸುಳ್ಳು ಯೋಳ್ತದೆ ಅಂತ ಗೊತ್ತಾದ್ರೆ ಸಾಕು ಕಣಕ್ಕ. ಬಸ್ಸು ಉಗುರಷ್ಟು ಕಂಡ್ರೆ ಬತ್ತಾ ಅದೆ. ಬೆಲ್ಲದಚ್ಚಿನಷ್ಟು ಕಂಡ್ರೆ ಬಂದ್ಬುಡ್ತು, ರಸ್ತೆ ಬುಟ್ಟು ಮಣ್ಣಿಗೆ ಇಳೀಬೇಕು. ಒಸಿ ಹಿಂದಕ್ಕೋಗಿ ನಿಂತ್ಕೊ, ನೋಡಾನ.”

ಅವನು ಸೀಟಿನ ಮೇಲೆ ಕೂತ, ನಾನು ಹಿಂದೆ ಹೋಗಿ ನಿಂತೆ. ಕೈಯಲ್ಲಿ ರಾಗಿ ಕೇರುತ್ತಿದ್ದ ಮೊರ. “ಕಂಡ್ನಾ?” ಎಂದು ಕೂಗಿದೆ. ಮಾತಿಲ್ಲ. ಇನ್ನೂ ಎರಡು ಸಲ ಕೂಗಿದೆ. ಎದುರು ಮನೆಯ ಮುದುಕಿ ಹೊರಗೆ ಬಂದು ನೋಡಿದಳು, ಇವನು ಮಾತ್ರ ಬೆನ್ನು ತಿರುಗಿಸಿಕೊಂಡು ಕೂತಿದ್ದ. ನನಗೆ ಸಿಟ್ಟು ಬಂತು, ಮೊರ ಎತ್ತಿದೆ. ಕನ್ನಡಿಯಲ್ಲಿ ಕಂಡಿರಬೇಕು, ತಕ್ಷಣ ತಿರುಗಿದ.

“ಯಾಕಕ್ಕ, ಒಡಿಯಕ್ಕೆ ಬತ್ತೀಯಾ?”

ಆಗ ಗೊತ್ತಾಯಿತು. ಹತ್ತಿರ ಹೋಗಿ ಮುಖಕ್ಕೆ ಮುಖ ಕೊಟ್ಟು, “ನಿಂಗೆ ಕಿವಿ ಕೇಳಾಕಿಲ್ವೇನೋ?” ಎಂದೆ.

ನನ್ನ ಬಾಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತು ಟ್ಯೂಬಿನ ಗಂಟು ಬಿಗಿದ. ಹೋದ ವರ್ಷದಿಂದ ಹೀಗೆ ಎಂದ. ಎದುರಿಗಿದ್ದರೆ ತುಟಿ ನೋಡಿ ತಿಳಿಯುತ್ತದಂತೆ. ಬಸ್ಸಿನ ಹಾರ್ನ್ ಕೂಡ ಎಲ್ಲೋ ಜೇನು ಗುಂಯ್ ಅಂದ ಹಾಗಂತೆ...

“ಅವ್ಳಿಗೆ ಯೋಳ್ಬ್ಯಾಡ ಕಣಕ್ಕ. ಗೊತ್ತಾದ್ರೆ ರಸ್ತೆಗೆ ಬುಡಾಕಿಲ್ಲ, ಸೈಕಲ್ ಮಾರಿಸ್ಬುಡ್ತಾಳೆ. ಆಮ್ಯಾಕೆ ನಾ ಏನ್ ಮಾಡ್ಲಿ?”

ಹೇಳುವುದಿಲ್ಲ ಎಂದೆ. ಆಗ ಅದು ಸರಿ ಎನಿಸಿತು. ಅದಾದ ಮೇಲೆ ಎರಡು ವರ್ಷ ಅವನು ಅದೇ ಕನ್ನಡಿ ನೋಡಿಕೊಂಡು ಹೋಗಿ ಬಂದ, ಒಂದು ಗಾಡಿಯೂ ತಾಗಲಿಲ್ಲ. ಸತ್ತದ್ದು ಕಾಮಾಲೆಯಿಂದ, ಮನೆಯ ಚಾಪೆಯ ಮೇಲೆ. ಆ ಎರಡು ವರ್ಷವೂ ಒಳಗಿನಿಂದ ಅವಳು ಕೂಗುವುದು ನಮ್ಮ ಮನೆಗೆ ಕೇಳುತ್ತಿತ್ತು. ಅವನಿಗೆ ಕೇಳುತ್ತಿರಲಿಲ್ಲ. ನಾನು ಕೊಟ್ಟ ಮಾತು ಅವನ ಸೈಕಲ್ಲಿಗಾಗಿ. ಅವನು ಹೋದಮೇಲೆ ಸೈಕಲ್ಲೂ ಹೋಯಿತು. ಆಮೇಲೆ ಬಾಯಿ ಮುಚ್ಚಿಕೊಂಡಿದ್ದು ಯಾರಿಗಾಗಿಯೂ ಅಲ್ಲ. ಹೇಳದೆ ಹೇಳದೆ ಅಭ್ಯಾಸವಾಗಿಬಿಟ್ಟಿತು, ಅಷ್ಟೇ...

ಹೆಪ್ಪು ಕೊಟ್ಟ ಮಾರನೆಯ ಬೆಳಿಗ್ಗೆ ಅವಳ ಮನೆಗೆ ಹೋದೆ. ಬಾಗಿಲಿಗೆ ನೀರು ಹಾಕುತ್ತಿದ್ದಳು.

“ನಿನ್ ಗಂಡನ್ಗೆ ಕಿವಿ ಕೇಳ್ತಿರ್ಲಿಲ್ಲ ಕಣೆ. ನೀ ಕೂಗಿದ್ದು ಅವ್ನಿಗೆ ಮುಟ್ಟೇ ಇಲ್ಲ,” ಎಂದೆ.

ಚೊಂಬು ಕೆಳಗಿಟ್ಟಳು.

“ನಿಂಗ್ ಯಾವತ್ನಿಂದ ಗೊತ್ತು?”

“ಅವ್ನು ಬದುಕಿದ್ದಾಗ್ಲಿಂದ.”

ನನ್ನನ್ನು ಬೈಯಲು ಶುರುಮಾಡಿದಳು. ಬೈದು ಮುಗಿಯುವವರೆಗೂ ಅವಳ ಜಗಲಿಯ ಮೇಲೆ ಕೂತಿದ್ದೆ.