ಹನ್ನೆರಡಾಯ್ತು, ಮುಚ್ಚು

ಬೆಳಗಿನ ಆರು ಗಂಟೆ. ಗೋಣಿಬೀಡಿನ ಹತ್ತಿರದ ಕಾಫಿ ಎಸ್ಟೇಟಿನ ಲೈನು, ಅಂದರೆ ಕೂಲಿಯಾಳುಗಳ ಸಾಲುಮನೆಗಳು. ಅದರ ಮೂರನೇ ಮನೆಯ ಜಗಲಿಯಲ್ಲಿ ಹದಿನೈದು ಮಣ್ಣಿನ ಕಪ್ಪುಗಳು ಸಾಲಾಗಿ ಕೂತಿವೆ. ಒಣಗಿವೆ, ಆದರೆ ಇನ್ನೂ ಸುಟ್ಟಿಲ್ಲ. ಸ್ವಲ್ಪ ಬಿಗಿಯಾಗಿ ಹಿಡಿದರೂ ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ಪವಿತ್ರಾ ಒಂದೊಂದನ್ನೇ ಎತ್ತಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಕಾಫಿ ಕೊಯ್ಯುವ ಬುಟ್ಟಿಯೊಳಗೆ ಇಳಿಸುತ್ತಿದ್ದಾಳೆ.

"ತಿಂಡಿ ತಿಂದ್ಕೊಂಡು ಹೋಗೆ ಮಾರಾಯ್ತಿ. ಕಪ್ಪೇನು ಓಡಿಹೋಗ್ತಾವಾ?" ಒಳಗಿನಿಂದ ಅಮ್ಮ ತಂಗಮ್ಮ ಕೂಗುತ್ತಾರೆ.

"ಕಪ್ಪು ಓಡಲ್ಲ, ಬಸ್ಸು ಓಡತ್ತೆ!"

ಇಪ್ಪತ್ತೆರಡು ವರ್ಷದ ಪವಿತ್ರಾ ಚಿಕ್ಕಮಗಳೂರಿನ ಕಲಾಶಾಲೆಯೊಂದರಲ್ಲಿ ಸೆರಾಮಿಕ್ಸ್ ಓದುತ್ತಿರುವ ಕೊನೆಯ ವರ್ಷದ ವಿದ್ಯಾರ್ಥಿನಿ. ಹಾಗೆಂದರೆ ಏನು ಎಂದು ಲೈನಿನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಟೈಲ್ಸ್ ಕೆಲಸ ಎನ್ನುವವರಿದ್ದಾರೆ, ಗೊಂಬೆ ಮಾಡೋದು ಎನ್ನುವವರಿದ್ದಾರೆ. ಮನೆಯಲ್ಲಿ ಮಣ್ಣು ಹದಮಾಡಿ, ಕಪ್ಪು ಮಾಡಿ, ಒಣಗಿಸಿ, ಎರಡು ಬಸ್ಸು ಬದಲಿಸಿ ಕಾಲೇಜಿನ ಕುಲುಮೆಗೆ ಒಯ್ಯುವುದು ಅವಳ ಈ ವರ್ಷದ ದಿನಚರಿ. ಬುಟ್ಟಿಯನ್ನು ತೊಡೆ ಮೇಲಿಟ್ಟುಕೊಂಡು ಕೂತವಳನ್ನು ಕಂಡಕ್ಟರು ದಿನಾ ಚುಡಾಯಿಸುತ್ತಾನೆ, "ಮೊಟ್ಟೆಗೆ ಕಾವು ಕೊಡ್ತಿದ್ದೀಯೇನಮ್ಮಾ?" ಎಂದು. ಆದರೆ ಮುಂದೆ ಗುಂಡಿ ಬಂದರೆ ಡ್ರೈವರಿಗೆ "ನಿಧಾನ, ನಿಧಾನ" ಎಂದು ಕೂಗುವವನೂ ಅವನೇ.

ಇವತ್ತಿನ ಬುಟ್ಟಿ ಮಾತ್ರ ದಿನದ ಬುಟ್ಟಿಯಲ್ಲ. ಇದು ಮೂರನೆಯ ಸಲ, ಮತ್ತು ಕೊನೆಯ ಸಲ.

ಕಾಲೇಜಿನಲ್ಲಿ ಎಲ್ಲರೂ ಬಳಸುವುದು ಅಂಗಡಿಯಿಂದ ತರಿಸಿದ ಚೀಲದ ಮಣ್ಣು. ಹದವಾಗಿರುತ್ತದೆ, ಹೇಳಿದ ಮಾತು ಕೇಳುತ್ತದೆ. ಪವಿತ್ರಾ ಮಾತ್ರ ತನ್ನ ಕೊನೆಯ ವರ್ಷದ ಕೆಲಸವನ್ನು ಲೈನಿನ ಕೆಳಗಿನ ಹಳ್ಳದ ದಂಡೆಯ ಮಣ್ಣಿನಲ್ಲೇ ಮಾಡುತ್ತೇನೆಂದು ಹಟ ಹಿಡಿದಳು. ಮೇಷ್ಟ್ರು ಷಡಕ್ಷರಿ ಬೇಡವೆನ್ನಲಿಲ್ಲ, ಷರತ್ತು ಹಾಕಿದರು. "ಮೂರು ಸಲ ಮಾಡಿ ನೋಡು. ಒಂದು ಸಲಕ್ಕಾದ್ರೂ ಹನ್ನೆರಡು ಕಪ್ಪು ಸೋರದೆ ನೀರು ಹಿಡಿದ್ರೆ ನಿನ್ನ ಮಣ್ಣು. ಇಲ್ಲಾಂದ್ರೆ ಸುಮ್ನೆ ಚೀಲದ ಮಣ್ಣಿಗೆ ಕೈ ಹಾಕ್ಬೇಕು."

ಯಾಕಿಷ್ಟು ಹಟ? ಕೇಳಿದರೆ ಪವಿತ್ರಾ ಸ್ವಲ್ಪ ಹೊತ್ತು ಉಗುರಿನೊಳಗಿನ ಮಣ್ಣು ಕೆರೆಯುತ್ತಾಳೆ. "ಅಮ್ಮ ಇಪ್ಪತ್ತಾರು ವರ್ಷದಿಂದ ಇದೇ ಮಣ್ಣಲ್ಲಿ ದುಡೀತಿದಾಳೆ. ಅಜ್ಜಿನೂ ಇಲ್ಲೇ ದುಡಿದ್ಲು. ಈ ಮಣ್ಣಿಂದ ನಮ್ದು ಅಂತ ಒಂದು ಸಾಮಾನೂ ಮನೆಗೆ ಬಂದಿಲ್ಲ. ಒಂದು ಕಪ್ಪಾದ್ರೂ ಬರ್ಲಿ ಅಂತ."

ಮಣ್ಣು ಅಷ್ಟು ಸುಲಭಕ್ಕೆ ಬರಲಿಲ್ಲ. ಅಗೆದು ತಂದು, ನೀರಲ್ಲಿ ಕದಡಿ, ಬೇರು ಕಲ್ಲು ಸೋಸಿ, ತಿಳಿ ಬಸಿದು, ತುಳಿದು ನಾದಿದರೂ ಅದರೊಳಗೆ ನುಣ್ಣನೆಯ ಮರಳು ಉಳಿದೇ ಇರುತ್ತಿತ್ತು. ಚಿಟಿಕೆ ಮಣ್ಣನ್ನು ಹಲ್ಲಿಗಿಟ್ಟು ಕರಕರ ಎನ್ನುತ್ತದೋ ಇಲ್ಲವೋ ನೋಡುವುದು ಅವಳ ಪರೀಕ್ಷೆ. ಒಂಬತ್ತು ಬಗೆಯ ಹದ ಮಾಡಿದಳು, ಪರೀಕ್ಷೆಗೆಂದು ನಲವತ್ತೊಂದು ಮಣ್ಣಿನ ಬಿಲ್ಲೆ ಸುಟ್ಟಳು, ಎಲ್ಲದರ ಹಿಂದೆ ನಂಬರು ಗೀರಿದಳು. ಅಷ್ಟಾಗಿ ಮೊದಲ ಸಲ ಮಾಡಿದ ಕಪ್ಪುಗಳು ಕುಲುಮೆಯ ಮುಖವನ್ನೇ ನೋಡಲಿಲ್ಲ. ಫೆಬ್ರವರಿಯ ಬಿಸಿಲಿಗೆ ಅಂಗಳದಲ್ಲಿಟ್ಟಿದ್ದಳು. ಮೂರೇ ದಿನದಲ್ಲಿ ಅಷ್ಟೂ ಬಾಯಿ ಬಿಟ್ಟವು. ಪವಿತ್ರಾ ಜಗಲಿಯಲ್ಲಿ ಕೂತು ಗೊಳೋ ಎಂದು ಅತ್ತಳು.

ಕೆಲಸದಿಂದ ಬಂದ ತಂಗಮ್ಮ ಒಡೆದ ಕಪ್ಪೊಂದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರು ಎಸ್ಟೇಟಿನ ಕಣದಾಳು. ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟು, ಕಣದಲ್ಲಿ ಒಣಗುವಷ್ಟು ದಿನ ಅದನ್ನು ಕೆದಕಿ ನೋಡಿಕೊಳ್ಳುವುದು ಅವರ ಕೆಲಸ.

"ಇದನ್ನ ಮಧ್ಯಾಹ್ನ ಮುಚ್ಚಿದ್ಯಾ?" ಎಂದರು.

"ಮುಚ್ಚೋದಾ? ಒಣಗೋಕೆ ಇಟ್ಟಿದ್ದಮ್ಮ."

"ಒಣಗ್ಬೇಕು ಅಂತಾನೇ ಮುಚ್ಚೋದು ಕಣೆ! ಉರಿಬಿಸಿಲಿಗೆ ಬಿಟ್ರೆ ಪಾರ್ಚ್‌ಮೆಂಟೂ ಹಿಂಗೇ ಸೀಳತ್ತೆ. ಹೊರಗೆ ಒಣಗತ್ತೆ, ಒಳಗೆ ಹಸಿ ಇರತ್ತೆ, ಒಡೀದೆ ಎಂತ ಮಾಡತ್ತೆ?"

ಕಣದಲ್ಲಿ ಗಂಟೆ ಹನ್ನೆರಡಾದರೆ ಮೇಸ್ತ್ರಿ ಕೂಗುತ್ತಾನೆ, "ಹನ್ನೆರಡಾಯ್ತು, ಮುಚ್ಚಿ!" ಹೆಂಗಸರು ಬೀಜವನ್ನು ಗುಪ್ಪೆ ಮಾಡಿ ಗೋಣಿ ಹೊದಿಸುತ್ತಾರೆ, ಮೂರರ ಮೇಲೆ ಬಿಸಿಲು ತಗ್ಗಿದಾಗ ಮತ್ತೆ ಹರಡುತ್ತಾರೆ. ಹುಟ್ಟಿದಾಗಿನಿಂದ ಈ ಕೂಗು ಕೇಳಿಕೊಂಡೇ ಬೆಳೆದ ಪವಿತ್ರಾಗೆ ಅದು ತನ್ನ ಪಾಠಕ್ಕೂ ಸೇರಿದ್ದೆಂದು ಹೊಳೆದಿರಲೇ ಇಲ್ಲ. ಎರಡನೇ ಸಲದ ಕಪ್ಪುಗಳಿಗೆ ಒದ್ದೆ ಮಾಡಿ ಹಿಂಡಿದ ಗೋಣಿ ಬಿತ್ತು, ದಿನಾ ಹನ್ನೆರಡಕ್ಕೆ. ಒಂದೂ ಸೀಳಲಿಲ್ಲ.

ಆದರೆ ಸುಟ್ಟ ಮೇಲೆ ನೀರು ತುಂಬಿದರೆ ತಳ ಬೆವರಿತು. ಕಪ್ಪಿನ ಕೆಳಗಿಟ್ಟ ಪೇಪರು ಒದ್ದೆ. ಎರಡನೇ ಸಲವೂ ಹೋಯಿತು.

ಆದರೆ ಹೋಗುವಾಗ ಒಂದು ಬೆರಗು ಬಿಟ್ಟುಹೋಯಿತು. ಕಪ್ಪಿಗೆ ಹಚ್ಚುವ ಗಾಜಿನಂಥ ಲೇಪವನ್ನು ಪವಿತ್ರಾ ಮಾಡುವುದು ಬಚ್ಚಲೊಲೆಯ ಬೂದಿಯಿಂದ, ಕಾಫಿ ಗಿಡದ ಕಟ್ಟಿಗೆ ಉರಿಸಿದ ಬೂದಿ. ಅದನ್ನು ಸುಟ್ಟರೆ ಜೇನಿನ ಬಣ್ಣ ಬರಬೇಕು. ಆ ಸಲ ಬಂದದ್ದು ಎಳೆ ಬಾಳೆಯೆಲೆಯ ಹಸಿರು! ಕಾಲೇಜಿಗೆ ಕಾಲೇಜೇ ಬಂದು ನೋಡಿತು. "ಎಂತ ಹಾಕ್ದೆ ಇದಕ್ಕೆ?" ಎಂದು ಮೇಷ್ಟ್ರು ಕೇಳಿದರೆ ಅವಳಿಗೇ ಗೊತ್ತಿಲ್ಲ. ಅದೇ ಒಲೆ, ಅದೇ ಕಟ್ಟಿಗೆ, ಅದೇ ಅಳತೆ. ಹನ್ನೊಂದು ದಿನ ಬಿಲ್ಲೆಯ ಮೇಲೆ ಬಿಲ್ಲೆ ಸುಟ್ಟಳು. ಜೇನಿನ ಬಣ್ಣ ಬಂತೇ ಹೊರತು ಹಸಿರು ಬರಲಿಲ್ಲ. ತಲೆ ಕೆಟ್ಟು ಹೋಯಿತು.

ಗುಟ್ಟು ಬಯಲಾದದ್ದು ಹಿತ್ತಲಿನಲ್ಲಿ. ತಂಗಮ್ಮ ಒಂದು ಹಳೆ ಬಕೆಟ್ಟನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜುತ್ತಿದ್ದರು. ಒಳಗೆಲ್ಲ ನೀಲಿ ಪದರ.

"ಯಾವ ಬಕೆಟ್ಟಮ್ಮ ಇದು?"

"ಬೋರ್ಡೋದ್ದು. ಅವತ್ತೊಂದಿನ ನೀನಿಲ್ದಾಗ ನಾನೇ ನಿನ್ ಬೂದಿ ಇದ್ರಲ್ಲಿ ನೆನೆಹಾಕಿದ್ದೆ. ಆಮೇಲೆ ಗಲೀಜು ಅನ್ನಿಸ್ತು. ತಡಿ, ಚೆನ್ನಾಗಿ ತೊಳ್ದುಕೊಡ್ತೀನಿ."

"ಅಯ್ಯೋ ಅಮ್ಮಾ, ಉಜ್ಬೇಡ! ಬಿಡು ಅದನ್ನ!"

ಮಳೆಗಾಲದಲ್ಲಿ ಕೊಳೆರೋಗ ಬಾರದಿರಲೆಂದು ತೋಟಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ಬಕೆಟ್ಟು ಅದು. ಮೈಲುತುತ್ತದಲ್ಲಿರುವುದು ತಾಮ್ರ, ತಾಮ್ರ ಬೂದಿಗೆ ಸೇರಿ ಬೆಂದರೆ ಹಸಿರು. ಅಮ್ಮ ಮಗಳಿಬ್ಬರೂ ಬಕೆಟ್ಟಿನ ಎದುರು ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆದರೆ ತಾಮ್ರ ಬಾಯಿಗೆ ಹೋಗಬಾರದು. ಹಾಗಾಗಿ ಹಸಿರೇನಿದ್ದರೂ ಕಪ್ಪಿನ ಹೊರಮೈಗೆ, ಅದೂ ತುಟಿ ತಾಗದಷ್ಟು ಕೆಳಗೆ. ಒಳಗೆ ಶುದ್ಧ ಒಲೆಬೂದಿಯ ಜೇನು ಬಣ್ಣ.

ಈ ಮೂರನೇ ಸಲಕ್ಕೆ ಪವಿತ್ರಾ ಮಣ್ಣನ್ನು ಅಮ್ಮನ ಹಿಟ್ಟಿನ ಜರಡಿಯಲ್ಲಿ ಹಿಡಿದಿದ್ದಾಳೆ. ಅದಕ್ಕಾಗಿ ಬೈಸಿಕೊಂಡೂ ಇದ್ದಾಳೆ. ಕುಲುಮೆಯ ಕಾವನ್ನು ನಲವತ್ತು ಡಿಗ್ರಿ ಏರಿಸಲು ಮೇಷ್ಟ್ರು ಒಪ್ಪಿದ್ದಾರೆ. ಹೆಚ್ಚಾದರೆ ಕಪ್ಪು ಕುಸಿಯುತ್ತದೆ, ಕಡಿಮೆಯಾದರೆ ಬೆವರುತ್ತದೆ. ನೀರು ಹಿಡಿದರೆ ಮುಂದೇನು ಎಂದರೆ ಅವಳ ಆಸೆ ಚಿಕ್ಕದು: "ಹನ್ನೆರಡು ಪರೀಕ್ಷೆಗೆ. ಹದಿಮೂರನೇದು ಅಮ್ಮಂಗೆ. ಕಣದಲ್ಲಿ ಇವತ್ತಿಗೂ ಫ್ಲಾಸ್ಕಿನ ಮುಚ್ಚಳದಲ್ಲೇ ಕಾಫಿ ಕುಡೀತಾಳೆ."

ಹತ್ತು ದಿನದ ಮೇಲೆ, ಒಮ್ಮೆ ಬರಿಮೈಯಲ್ಲಿ ಮತ್ತೊಮ್ಮೆ ಲೇಪ ಹಚ್ಚಿಕೊಂಡು ಬೆಂದ ಕಪ್ಪುಗಳು ಕುಲುಮೆಯಿಂದ ಹೊರಬರುತ್ತವೆ. ಹದಿನೈದರಲ್ಲಿ ಎರಡು ಕುಸಿದಿವೆ. ಉಳಿದ ಹದಿಮೂರನ್ನು ಪವಿತ್ರಾ ಬೆಳಿಗ್ಗೆ ಎಂಟಕ್ಕೆ ಹಳೆ ಪೇಪರಿನ ಮೇಲೆ ಸಾಲಾಗಿಟ್ಟು ನೀರು ತುಂಬುತ್ತಾಳೆ. ನಾಲ್ಕು ಗಂಟೆ ಕಾಯಬೇಕು. ಮೇಷ್ಟ್ರು ಎರಡು ಸಲ ಬಂದು ಹೋಗುತ್ತಾರೆ.

ಹೊತ್ತಾದಾಗ ಒಂದೊಂದೇ ಕಪ್ಪು ಎತ್ತುತ್ತಾಳೆ. ಒಂದು, ಎರಡು, ಪೇಪರು ಒಣ. ಮೂರನೆಯದರ ಕೆಳಗೆ ದುಂಡನೆಯ ಒದ್ದೆ ಗುರುತು. ಇನ್ನು ಒಂದೇ ಒಂದು ಬೆವರಿದರೂ ಚೀಲದ ಮಣ್ಣು. ನಾಲ್ಕು, ಐದು, ಆರು ಎನ್ನುತ್ತ ಮೇಷ್ಟ್ರೂ ಪಕ್ಕದಲ್ಲಿ ಬಗ್ಗಿದ್ದಾರೆ. ಕೊನೆಯ ಕಪ್ಪು ಎತ್ತಿ, ಪೇಪರಿನ ಮೇಲೆ ಅಂಗೈ ಒತ್ತಿ ನೋಡುತ್ತಾಳೆ. ಒಣ.

ಅಮ್ಮನಿಗೆ ಫೋನು ಮಾಡಿದರೆ ಹಿಂದೆ ಕಣದ ಗದ್ದಲ.

"ಅಮ್ಮಾ, ಹನ್ನೆರಡಾಯ್ತು!"

"ಹೌದು ಕಣೆ, ನಂಗೆ ಗೊತ್ತಿಲ್ವಾ? ಮುಚ್ತಾನೇ ಇದ್ದೀನಿ. ನೀನು ಮೊದ್ಲು ಊಟ ಮಾಡು."

"ಗಂಟೆ ಅಲ್ಲಮ್ಮ. ಕಪ್ಪು. ಹನ್ನೆರಡೂ ಹಿಡೀತು."

ಆ ಕಡೆ ಗೋಣಿ ಎಳೆಯುವ ಸದ್ದು ನಿಲ್ಲುತ್ತದೆ. ಆಮೇಲೆ ತಂಗಮ್ಮನ ದನಿ ಮಗಳಿಗಲ್ಲ, ಜೊತೆಗೆ ಗೋಣಿ ಹೊದಿಸುವವಳಿಗೆ, ಇಡೀ ಕಣಕ್ಕೇ ಕೇಳುವ ಹಾಗೆ.

"ಏ ನಂಜಮ್ಮಾ, ಕೇಳ್ದ್ಯಾ? ನಮ್ಮ ಮಣ್ಣು ನೀರು ಹಿಡೀತಂತೆ ಕಣೆ!"