ಅಂಡರ್‌ಪಾಸಿನ ಲೆಕ್ಕ

ನಮ್ಮಣ್ಣನದು ಕನ್ನಡಕದ ಅಂಗಡಿ. ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಗಿರಾಕಿಯ ಮೂಗಿನ ಮೇಲಿಟ್ಟು "ಈಗ ಓದಿ ನೋಡಿ" ಅನ್ನುವುದು ಅವನ ಕಸುಬು. ಆದರೆ ಊರಲ್ಲಿ ಯಾರೂ ಅವನನ್ನು ಕನ್ನಡಕದವನು ಅನ್ನುವುದಿಲ್ಲ, ಮಿಲಿಮೀಟರ್ ಅನ್ನುತ್ತಾರೆ. ಇಪ್ಪತ್ತು ವರ್ಷದಿಂದ ಮಳೆ ಅಳೆಯುತ್ತಿದ್ದಾನೆ. ಅಳೆ ಎಂದು ಯಾರೂ ಹೇಳಿದ್ದಲ್ಲ, ಎಷ್ಟು ಬಂತು ಎಂದು ಮೊದಮೊದಲು ಯಾರೂ ಕೇಳುತ್ತಲೂ ಇರಲಿಲ್ಲ. ತಾರಸಿಯಲ್ಲಿ ಅವನ ಮಳೆಮಾಪಕವಿದೆ. ಅದರ ಸುತ್ತ ಹತ್ತಡಿಯೊಳಗೆ ನಾನಾಗಲಿ ಅತ್ತಿಗೆಯಾಗಲಿ ಬಟ್ಟೆ ಒಣಹಾಕುವ ಹಾಗಿಲ್ಲ. ಒಮ್ಮೆ ಮರೆತು ಹೊದಿಕೆ ಹರವಿದ್ದಕ್ಕೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ. "ಮದುವೆ ದಿನ ಹನ್ನೊಂದು ಮಿಲಿಮೀಟರ್ ಬಂದಿದ್ದು ಇವರಿಗೆ ನೆನಪಿದೆ, ಮದುವೆ ತಾರೀಖು ಮಾತ್ರ ಕೇಳಬೇಡ" ಎಂದು ಅತ್ತಿಗೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾಳೆ.

ಅವನಂಥ ತಲೆಕೆಟ್ಟವರು ಇನ್ನೂ ಏಳು ಜನ ಸಿಕ್ಕಿದರು. ಔಷಧಿ ಅಂಗಡಿಯ ಅಕ್ಕ, ನಿವೃತ್ತ ಸರ್ವೇಯರ್, ಬೇಕರಿಯವನು, ಹೀಗೆ. ಎಲ್ಲರ ತಾರಸಿಯಲ್ಲೂ ಒಂದೊಂದು ಮಾಪಕ, ಎಲ್ಲರ ಫೋನಿನಲ್ಲೂ ರೇಡಾರ್ ಚಿತ್ರ. ಮೋಡ ಕಪ್ಪಾಗಿದ್ದೇ ತಡ, ಅವರ ವಾಟ್ಸಾಪ್ ಗುಂಪಿನಲ್ಲಿ ಮದುವೆಮನೆಯ ಗಲಾಟೆ ಶುರುವಾಗುತ್ತಿತ್ತು. ಇದು ಬಲಕ್ಕೆ ತಿರುಗುತ್ತೆ, ಇಲ್ಲ ನೇರ ನಮ್ಮ ತಲೆ ಮೇಲೇ ಬರುತ್ತೆ, ಆಲಿಕಲ್ಲು ಖಂಡಿತ. ಹವಾಮಾನ ಕಚೇರಿಯವರು "ಅಲ್ಲಲ್ಲಿ ಮಳೆಯಾಗುವ ಸಾಧ್ಯತೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವಾಗ, ಇವರು ಯಾವ ಬೀದಿಗೆ ಎಷ್ಟು ಹೊತ್ತಿಗೆ ಎಂದು ಹೇಳುತ್ತಿದ್ದರು. ಹತ್ತರಲ್ಲಿ ಏಳು ಸಲ ಹೇಳಿದ್ದು ಆಗುತ್ತಿತ್ತು. ಹಾಗಾಗಿ ಎಂಟು ಜನರಿದ್ದ ಗುಂಪು ಐನೂರು ಜನರದಾಯಿತು. ಮಿಲಿಮೀಟರ್ ಏನಂದ ಎಂದು ನೋಡಿಯೇ ಮಂದಿ ಗಾಡಿ ಹೊರಗೆ ತೆಗೆಯುವ ಕಾಲ ಬಂತು.

ನಾನು ಡಯಾಲಿಸಿಸ್ ಕೇಂದ್ರದ ವ್ಯಾನ್ ಓಡಿಸುತ್ತೇನೆ. ಮಧ್ಯಾಹ್ನದ ಸರದಿ ಮುಗಿಸಿದ ಆರು ಜನರನ್ನು ರೈಲು ಹಳಿಯ ಆಚೆ ಇರುವ ಅವರವರ ಮನೆಗೆ ಬಿಡಬೇಕು. ದಾರಿ ಎರಡು. ಕೆಳಗಿನದು ಹಳಿಯಡಿಯ ಅಂಡರ್‌ಪಾಸ್ ನುಗ್ಗಿ ಹೋಗುತ್ತದೆ, ಕಾಲು ಗಂಟೆ ಸಾಕು. ಮೇಲಿನದು ಗುಡ್ಡ ಸುತ್ತಿಕೊಂಡು ಬರುವ ತಿರುವುಗಳ ರಸ್ತೆ, ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲ. ನಾಲ್ಕು ತಾಸು ಯಂತ್ರಕ್ಕೆ ರಕ್ತ ಕೊಟ್ಟು ಕೂತು ಎದ್ದವರಿಗೆ ಆ ತಿರುವುಗಳು ನರಕ. ಯಾರಾದರೊಬ್ಬರು ವಾಂತಿ ಮಾಡಿಕೊಳ್ಳದ ದಿನವಿಲ್ಲ. ಆದರೆ ಮಳೆ ಬಂದರೆ ಅಂಡರ್‌ಪಾಸಿನಲ್ಲಿ ನೀರು ನಿಲ್ಲುತ್ತದೆ, ಆಸರೆಯಿಲ್ಲದೆ ನಡೆಯಲಾರದ ಆರು ಜನರನ್ನು ಕೂರಿಸಿಕೊಂಡು ನೀರಿಗಿಳಿಯುವುದು ಹೇಗೆ? ಅದಕ್ಕೇ ಅಣ್ಣನ ಅಪ್ಪಣೆ. ಮಳೆಯ ದಿನ ಅವನು "ಹೊರಡು, ಕೆಳಗಿನ ದಾರಿ" ಎಂದೋ "ಮೇಲಿನ ದಾರಿ" ಎಂದೋ ಮೆಸೇಜ್ ಹಾಕಬೇಕು, ನಾನು ಹಾಗೆ ಮಾಡಬೇಕು.

ನಾನು ಹಾಗೆ ಮಾಡಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಸಾಕಾಗಿದೆ.

ಮೊದಲ ಸಲ ಅವನು ಕೆಳಗಿನ ದಾರಿ ಎಂದಾಗ ಅಂಡರ್‌ಪಾಸಿನ ತಿರುವಿನ ತನಕ ಹೋದೆ. ಕಪ್ಪು ಬಾಯಿ ತೆರೆದುಕೊಂಡಿದ್ದ ಅದನ್ನು ದೂರದಿಂದ ಕಂಡೇ ನನಗೆ ಇಳಿಯುವ ಧೈರ್ಯ ಬರಲಿಲ್ಲ. ಸುಮ್ಮನೆ ಗಾಡಿ ತಿರುಗಿಸಿ ಮೇಲಿನ ರಸ್ತೆ ಹಿಡಿದೆ. ಸಂಜೆ ಅಣ್ಣ ಗೇಟಿನಲ್ಲೇ ಕಾದು ನಿಂತಿದ್ದ. "ಕೆಳಗೆ ನೀರಿತ್ತಾ?" ಎಂದ. ಪರೀಕ್ಷೆ ಬರೆದು ಬಂದವನ ಮುಖ. ನನಗೆ ನಿಜ ಹೇಳಲು ಬಾಯಿ ಬರಲಿಲ್ಲ. "ಇಲ್ಲಣ್ಣ, ಒಣಗಿತ್ತು" ಎಂದೆ. ಅವನ ಮುಖ ಊರಗಲ ಆಯಿತು. ಒಳಗೆ ಓಡಿ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಆಮೇಲೆ ಅದೇ ರೂಢಿಯಾಯಿತು. ಮಳೆಯೆಂದರೆ ನನಗೆ ಮೇಲಿನ ರಸ್ತೆಯೇ. ಅವನಿಗೆ "ಆಯ್ತಣ್ಣ" ಅನ್ನುವುದು, ಸಂಜೆ "ಒಣಗಿತ್ತು" ಅನ್ನುವುದು. ತಡವಾಯಿತಲ್ಲ ಎಂದರೆ ಟ್ರಾಫಿಕ್. ಮುಂದಿನ ಸೀಟಿನಲ್ಲಿ ಕೂರುವ ಮೇಷ್ಟ್ರಿಗೆ ಇದು ಗೊತ್ತಿತ್ತು. "ಅಣ್ಣನ ಕಿವಿ ಮೇಲೆ ಹೂವಿಡ್ತಿದ್ದೀಯಲ್ಲಮ್ಮ" ಎಂದು ಒಮ್ಮೆ ಅಂದಿದ್ದರು. "ಅವನ ಖುಷಿಗೆ ಸರ್" ಎಂದಿದ್ದೆ. ಹೀಗೆ ಇಪ್ಪತ್ಮೂರು ದಿನ.

ನಾನು ಏನು ಅವನಿಗೆ ಕೊಡುತ್ತಿದ್ದೇನೆ ಎಂದು ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಇಪ್ಪತ್ಮೂರು ದಿನದ ಮಳೆಯನ್ನೂ ನನ್ನ ಇಪ್ಪತ್ಮೂರು ಒಣ ಅಂಡರ್‌ಪಾಸುಗಳನ್ನೂ ಜೋಡಿಸಿ ಅವನೊಂದು ಲೆಕ್ಕ ಕಟ್ಟಿದ: ಅರ್ಧ ಗಂಟೆಯಲ್ಲಿ ನಲವತ್ತು ಮಿಲಿಮೀಟರಿನೊಳಗೆ ಬಿದ್ದರೆ ಅಂಡರ್‌ಪಾಸಿಗೆ ಭಯವಿಲ್ಲ. ಅದನ್ನು ಗುಂಪಿನಲ್ಲಿ ಹಾಕಿದ. "ಕಣ್ಣಾರೆ ನೋಡಿದವರ ಮಾಹಿತಿ" ಎಂದು ಕೆಳಗೆ ಬರೆದಿದ್ದ. ನಾನೂ ಅದಕ್ಕೊಂದು ಹೆಬ್ಬೆರಳು ಒತ್ತಿದ್ದೆ.

ಆ ದಿನ ಮಧ್ಯಾಹ್ನ ಎರಡೂವರೆಗೇ ಕತ್ತಲಾಯಿತು. ಗಾಳಿ ಕೇಂದ್ರದ ಹೂಕುಂಡಗಳನ್ನು ಉರುಳಿಸಿತು, ಮಳೆ ಅರ್ಧ ಗಂಟೆ ಹೊಡೆದು ನಿಂತಿತು. ಆರೂ ಜನರನ್ನು ಹತ್ತಿಸಿ ಕೂತಿದ್ದೆ. ಅಣ್ಣನ ಮೆಸೇಜ್ ಬಂತು. "ಮೂವತ್ತೊಂದು. ನಲವತ್ತರ ಒಳಗಿದೆ. ಈಗಲೇ ಹೊರಡು, ಕೆಳಗಿನ ದಾರಿ." ನಾನು "ಆಯ್ತಣ್ಣ" ಎಂದು ಒತ್ತಿ, ಫೋನಿನ ಸದ್ದು ನಿಲ್ಲಿಸಿ ಡ್ಯಾಶ್‌ಬೋರ್ಡಿನ ಡಬ್ಬಿಗೆ ಹಾಕಿದೆ. ಗಾಡಿ ಓಡಿಸುವಾಗ ಫೋನ್ ಮುಟ್ಟಬಾರದು ಅನ್ನುವುದೂ ಅವನದೇ ಕಟ್ಟಳೆ, ಅದನ್ನು ಮಾತ್ರ ನಾನು ತಪ್ಪದೆ ಪಾಲಿಸುತ್ತಿದ್ದೆ.

ಗುಡ್ಡದ ರಸ್ತೆಯಲ್ಲಿ ಮಳೆ ಮತ್ತೆ ಹಿಡಿಯಿತು. ವೈಪರ್ ಒರೆಸಿದ್ದು ಒರೆಸಿದಲ್ಲೇ ತುಂಬುತ್ತಿತ್ತು. ಹಿಂದಿನ ಸೀಟಿನ ಅಜ್ಜಿ ಎರಡು ಸಲ ವಾಂತಿ ಮಾಡಿಕೊಂಡರು. "ನಿಮ್ಮಣ್ಣನ ಮಾತು ಕೇಳಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ವಿ" ಎಂದು ಮೇಷ್ಟ್ರು ಗೊಣಗಿದರು. ನಾನು ಹಲ್ಲು ಕಚ್ಚಿಕೊಂಡು ಗೇರ್ ಬದಲಿಸುತ್ತಿದ್ದೆ. ಒಬ್ಬೊಬ್ಬರನ್ನಾಗಿ ಬಾಗಿಲ ತನಕ ಕೈಹಿಡಿದು ಬಿಟ್ಟು, ಕೊನೆಗೆ ಮೇಷ್ಟ್ರನ್ನು ಇಳಿಸಿ, ಬೆವರು ಒರೆಸಿಕೊಂಡು ಫೋನ್ ತೆಗೆದೆ.

ಹತ್ತೊಂಬತ್ತು ಮಿಸ್ಡ್ ಕಾಲ್. ಹದಿನಾಲ್ಕು ಅಣ್ಣನವು. ಕೆಳಗೆ ಮೆಸೇಜುಗಳು, ಒಂದರ ಹಿಂದೊಂದು.

"ಹೋಗಬೇಡ. ಈ ಮಳೆ ಹಿಂದೆ ಇನ್ನೊಂದಿತ್ತು, ರೇಡಾರಲ್ಲಿ ಕಾಣಿಸಲಿಲ್ಲ."

"ಔಷಧಿ ಅಂಗಡಿ ಅಕ್ಕನ ಕಡೆ ಅರವತ್ತೆಂಟು ಬಿದ್ದಿದೆ. ಆ ನೀರೆಲ್ಲ ಅಂಡರ್‌ಪಾಸಿಗೇ ಬರುತ್ತೆ. ವಾಪಸ್ ತಿರುಗಿಸು."

"ಎಲ್ಲಿದ್ದೀಯ? ಫೋನ್ ತಗೋ."

ಕೊನೆಯದು ಇಪ್ಪತ್ತು ನಿಮಿಷ ಹಳೆಯದು. "ಅಂಡರ್‌ಪಾಸ್ ಹತ್ರ ಬಂದಿದ್ದೀನಿ. ಪೂರ್ತಿ ತುಂಬ್ತಿದೆ. ನಿನ್ನ ವ್ಯಾನ್ ಒಳಗಿದೆಯೇನೋ. ಇಳಿದು ನೋಡ್ತೀನಿ."

ಅಣ್ಣನಿಗೆ ಈಜು ಬರುವುದಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಅತ್ತಿಗೆಗೆ ಮಾಡಿದೆ. ನನ್ನ ದನಿ ಕೇಳಿ ಅವಳು ಅಳಲು ಶುರುಮಾಡಿದಳು. "ಬದುಕಿದ್ದೀಯಲ್ಲ ಮಾರಾಯ್ತಿ" ಎಂದಳು. ಆಮೇಲೆ, "ಅವರು ನಿನ್ನ ಜೊತೆ ಇದಾರೆ ತಾನೇ?" ಎಂದಳು. ನಾನು ಫೋನ್ ಇಟ್ಟು ಗಾಡಿ ತಿರುಗಿಸಿದೆ.

ಅಂಡರ್‌ಪಾಸಿನ ಈ ಬದಿಯ ಬಾಯಿಗೆ ಬಂದಾಗ ಹತ್ತಿಪ್ಪತ್ತು ಜನ ಇಳಿಜಾರಿನ ಮೇಲೆ ನಿಂತು ಕೆಳಗೆ ಬಗ್ಗಿ ನೋಡುತ್ತಿದ್ದರು. ಕೆಂಪು ನೀರು ಗೋಡೆಯ ಅರ್ಧದ ತನಕ ಏರಿತ್ತು. ತರಕಾರಿ ಗಾಡಿಯವನೊಬ್ಬ ನನಗೆ ದಾರಿ ಬಿಡುತ್ತ ಹೇಳಿದ. "ಮುಂದೆ ಹೋಗ್ಬೇಡಿ ಮೇಡಂ. ಒಂದು ವ್ಯಾನ್ ಮುಳುಗಿದೆಯಂತೆ. ಆ ಮನುಷ್ಯನ ತಂಗಿ ಒಳಗಿದಾಳಂತೆ, ಪಾಪ. ಎಷ್ಟು ಕರೆದ್ರೂ ಮೇಲೆ ಬರ್ತಿಲ್ಲ."

ಆ ತಂಗಿ ನಾನೇ. ಬಗ್ಗಿ ನೋಡಿದೆ. ಒಳಗೆ, ಕತ್ತಲೆಯಲ್ಲಿ, ಗೋಡೆಗೆ ಹಾಕಿದ ಕಂಬಿಯನ್ನು ಒಂದು ಕೈಲಿ ಹಿಡಿದು ಅಣ್ಣ ಎದೆಮಟ್ಟ ನೀರಿನಲ್ಲಿದ್ದ. ಇನ್ನೊಂದು ಕೈಯಲ್ಲಿ ಉದ್ದದ ಗಳ. ಅದನ್ನು ಮುಂದಿನ ಆಳದ ನೀರಿಗೆ ಇಳಿಸಿ, ಅತ್ತಿತ್ತ ಆಡಿಸಿ, ವ್ಯಾನಿನ ತಗಡು ತಾಗುತ್ತದೋ ಎಂದು ಹುಡುಕುತ್ತಿದ್ದ. ಒಂದು ಹೆಜ್ಜೆ ಮುಂದೆ, ಮತ್ತೆ ಗಳ. ಕೂಗಿದೆ. ಮಳೆಯ ಸದ್ದಿಗೆ ನನ್ನ ದನಿ ನನಗೇ ಕೇಳಲಿಲ್ಲ. ನೋಡುತ್ತಿದ್ದ ಹಾಗೇ ಕಾಲು ಜಾರಿ ಅವನ ತಲೆ ಒಮ್ಮೆ ಒಳಗೆ ಹೋಗಿ ಮೇಲೆ ಬಂತು.

ನಾನು ವ್ಯಾನಿಗೆ ಓಡಿ, ದೀಪ ಹಾಕಿ, ಹಾರ್ನ್ ಮೇಲೆ ಅಂಗೈ ಊರಿ ನಿಂತೆ. ಆ ಹಾರ್ನ್ ಒಡಕು, ಊರಿಗೊಂದೇ. ಅಣ್ಣ ತಲೆ ಎತ್ತಿದ. ಬೆಳಕಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದ, ಗಳ ಬಿಟ್ಟ, ಕಂಬಿ ಹಿಡಿದುಕೊಂಡು ನಮ್ಮತ್ತ ಬರತೊಡಗಿದ. ಹಗ್ಗ ಎಸೆದು ನಾಲ್ಕು ಜನ ಎಳೆದುಕೊಂಡರು.

ವ್ಯಾನಿನ ಮೆಟ್ಟಿಲ ಮೇಲೆ ಕೂತ. ತುಟಿ ನೀಲಿ, ಹಲ್ಲು ಕಟಕಟ. "ಆರೂ ಜನ?" ಎಂದ.

"ಎಲ್ಲರನ್ನೂ ಮನೆಗೆ ಬಿಟ್ಟೆ."

"ಯಾವ ದಾರೀಲಿ ಬಂದೆ?"

"ಮೇಲಿನ ದಾರಿ."

"ಒಳ್ಳೇದಾಯ್ತು" ಎಂದ. ಆಮೇಲೆ, "ನೀರು ಕಂಡು ತಿರುಗಿಸಿದ್ಯಾ?" ಎಂದ.

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅವನ ಕೈ ನೋಡಿದೆ, ಕಂಬಿ ಹಿಡಿದು ಹಿಡಿದು ಅಂಗೈ ಸುಲಿದಿತ್ತು. "ಇಲ್ಲಣ್ಣ. ನಾನು ಮಳೆ ದಿನ ಯಾವತ್ತೂ ಈ ಕಡೆ ಬಂದಿಲ್ಲ."

"ಮತ್ತೆ ಇಪ್ಪತ್ಮೂರು ದಿನ?"

"ಬಂದಿಲ್ಲ."

"ಅವತ್ತೆಲ್ಲ ಇಲ್ಲಿ ನೀರಿತ್ತೋ, ಇರಲಿಲ್ವೋ?"

"ಗೊತ್ತಿಲ್ಲಣ್ಣ. ನಾನು ನೋಡೇ ಇಲ್ಲ."

ಕಪಾಳಕ್ಕೆ ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಗಾಬರಿಯಿಂದ ಕೈ ಚಾಚಿ, "ಫೋನ್ ಕೊಡು. ಐನೂರು ಜನ ಅದನ್ನ ಓದಿದಾರೆ" ಎಂದ. ಅವನ ಒದ್ದೆ ಬೆರಳಿಗೆ ಅಕ್ಷರ ಒತ್ತಲಾಗಲಿಲ್ಲ. ಅವನು ಹೇಳುತ್ತ ಹೋದ, ನಾನು ಬರೆದೆ.

"ನಲವತ್ತರ ಲೆಕ್ಕ ತಪ್ಪು. ಎಷ್ಟೇ ಮಳೆ ಇರಲಿ, ಯಾರೂ ಅಂಡರ್‌ಪಾಸಿಗೆ ಇಳಿಯಬೇಡಿ. ನಾನು ಸರಿಯಾಗಿ ನೋಡದೆ ಬರೆದಿದ್ದೆ. ತಪ್ಪು ನನ್ನದು. ಮಿಲಿಮೀಟರ್."

"ನಾನು ಅನ್ನೋ ಕಡೆ ತಂಗಿ ಅಂತ ಹಾಕ್ಲಾ ಅಣ್ಣ?" ಎಂದು ಕೇಳಬೇಕಿತ್ತು. ಒಂದು ಪದ ಬದಲಿಸುವ ಕೆಲಸ, ಕೇಳಲಿಲ್ಲ. ಗುಂಪಿನಲ್ಲಿ ನನ್ನ ವ್ಯಾನಿನ ಆರು ಜನರ ಮನೆಯವರೂ ಇದ್ದರು.

"ಕಳಿಸು" ಎಂದ ಅಣ್ಣ. ಇದ್ದದ್ದು ಇದ್ದ ಹಾಗೇ ಕಳಿಸಿದೆ.